ಒಂದು ಸೇರು ಹೊಟ್ಟು

ಕೊಡಿಗೇಹಳ್ಳಿ
೧೨ ಜನವರಿ ೨೦೨೪

ಮುನಿಗಂಗಮ್ಮನ ಮಗಳು ಚಿ. ಶೀತಲ್‌ಗೆ ಸಂಗವ್ವ ಮಾಡುವ ಆಶೀರ್ವಾದ.

ನಾವು ಆರಾಮ. ನೀನು ನಿನ್ನ ಅಪ್ಪನ ಫೋನಿಗೆ ಕಳಿಸಿದ ಶಾರ್ಕ್ ಮೀನಿನ ಚಿತ್ರ ನೋಡಿದೆ. ಚೆಂದ ಇಲ್ಲ. ಬೂದು ಬಣ್ಣ, ಮೈತುಂಬ ಗೀರು, ಕಣ್ಣಿಗೆ ಜೋತುಬಿದ್ದ ಹುಳ. ಇಂಥದ್ದನ್ನು ನೋಡಲು ಎರಡು ವರ್ಷ ನಾರ್ವೆಯ ಹಿಮದಲ್ಲಿ ಕೂರಬೇಕಿತ್ತೇ ಎಂದು ನಿನ್ನ ಅಪ್ಪನನ್ನು ಕೇಳಿದೆ. ಅವರು ಕನ್ನಡಕ ಏರಿಸಿಕೊಂಡು, ಅದಕ್ಕೆ ಸುಮಾರು ನಾನೂರು ವರ್ಷ ವಯಸ್ಸಂತೆ, ಅದು ಮರಿಯಾಗಿದ್ದಾಗ ನಮ್ಮ ಹೆಬ್ಬಾಳದ ಕೆರೆ ಕಟ್ಟಿ ನೂರೇ ವರ್ಷ ಆಗಿತ್ತು ಎಂದರು. ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಅವರಿಗೆ ಇಂಥದ್ದೇ ಕೆಲಸ. ಅಷ್ಟು ವರ್ಷ ಬದುಕಿ ಅದು ಮಾಡಿದ್ದೇನು ಎಂದು ಕೇಳಿದ್ದಕ್ಕೆ ಅವಳನ್ನೇ ಕೇಳು ಎಂದರು. ಗೊತ್ತಿದ್ದರೆ ಬರೆ.

ಈ ಕಾಲದಲ್ಲಿ ಪತ್ರ ಯಾಕೆ ಎನ್ನಬಹುದು. ಭಾನುವಾರ ನೀನು ಮೊದಲು ಪಕ್ಕದ ಮನೆಗೆ ಫೋನ್ ಮಾಡುತ್ತೀ. ಅರ್ಧ ಗಂಟೆ ಮುನಿಗಂಗಮ್ಮನ ನಗು ಗೋಡೆಯ ಈಚೆಗೆ ಕೇಳಿಸುತ್ತದೆ. ಆಮೇಲೆ ನಮ್ಮ ಸರದಿ. ನೀನು ಊಟ ಆಯ್ತಾ ಎನ್ನುತ್ತೀ, ನಾನು ಆಯಿತು ಎಂದು ಫೋನನ್ನು ನಿನ್ನ ಅಪ್ಪನ ಕೈಗೆ ಕೊಡುತ್ತೇನೆ. ನನಗೆ ಫೋನಿನಲ್ಲಿ ಮಾತು ಬರುವುದಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದವಳು, ಅಕ್ಷರ ದುಂಡಗಿದೆ, ಬರೆಯಲು ನಾಚಿಕೆಯಿಲ್ಲ.

ಮುನಿಗಂಗಮ್ಮನಿಗೆ ಹುಷಾರಿಲ್ಲ. ಕಿಡ್ನಿ ಕೆಟ್ಟಿದೆಯಂತೆ. ಅವಳು ನಿನಗೆ ಹೇಳಿರುವುದಿಲ್ಲ. ಅವಳ ಸೊಸೆ ಗಂಗರತ್ನಮ್ಮ ಹೇಳಿದಳು. ನಾನೂ ಮುನಿಗಂಗಮ್ಮನೂ ಇಪ್ಪತ್ತೈದು ವರ್ಷದಿಂದ ಮಾತಾಡುವುದಿಲ್ಲ, ಅದು ನಿನಗೆ ಗೊತ್ತೇ ಇದೆ.

ವಿಮಾನ ನಿಲ್ದಾಣಕ್ಕೆ ಬಂದು ಕಳಿಸಿಕೊಡಲಿಲ್ಲ ಎಂದು ನೀನು ಮುಖ ಊದಿಸಿಕೊಂಡು ಹೋದದ್ದೂ ನನಗೆ ಗೊತ್ತು. ಅದರ ಬಗ್ಗೆ ಬರೆಯುವುದಿಲ್ಲ.

ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಳಿಸಿದ್ದೇನೆ. ಯಾರು ಮಾಡಿದ್ದು ಎಂದು ಯಾರಾದರೂ ಕೇಳಿದರೆ ಊರ ಕಡೆಯವರು ಎನ್ನು.

ಇಂತಿ,
ಸಂಗವ್ವ


ಟ್ರೊಮ್ಸೋ, ನಾರ್ವೆ
೯ ಫೆಬ್ರವರಿ ೨೦೨೪

ಚಿಗವ್ವಾ, ನಮಸ್ಕಾರ.

ಪತ್ರ ಬರಲು ಮೂರು ವಾರ ಹಿಡಿಯಿತು. ಗುರೆಳ್ಳಿನ ವಾಸನೆ ಲ್ಯಾಬ್ ತುಂಬ ಹರಡಿದೆ. ಜೊತೆಯವರು ಯಾರು ಮಾಡಿದ್ದು ಎಂದರು. ನೀವು ಹೇಳಿದಂತೆಯೇ ಊರ ಕಡೆಯವರು ಎಂದೆ.

ಅಷ್ಟು ವರ್ಷ ಬದುಕಿ ಮಾಡಿದ್ದೇನು ಎಂದು ಕೇಳಿದ್ದೀರಿ. ಹೆಚ್ಚೇನೂ ಮಾಡದಿರುವುದೇ ಅದರ ಗುಟ್ಟು ಇರಬೇಕು. ವರ್ಷಕ್ಕೆ ಒಂದು ಬೆರಳಿನ ಅಗಲದಷ್ಟೂ ಬೆಳೆಯುವುದಿಲ್ಲ. ನಮ್ಮ ಬೀದಿಯಲ್ಲಿ ಕೋಲೂರಿ ವಾಕಿಂಗ್ ಹೋಗುವ ಅಜ್ಜಂದಿರಷ್ಟು ನಿಧಾನ ಈಜುತ್ತದೆ. ಮರಿ ಹಾಕುವ ವಯಸ್ಸಿಗೆ ಬರಲು ನೂರೈವತ್ತು ವರ್ಷ ಬೇಕು ಎನ್ನುತ್ತಾರೆ. ಆಳದಲ್ಲಿ, ತಣ್ಣನೆಯ ಕತ್ತಲಲ್ಲಿ, ಯಾರ ಕಣ್ಣಿಗೂ ಬೀಳದೆ ಇರುತ್ತದೆ.

ಎಮ್ಮೆಯ ಬಾಯಿ ಬಿಡಿಸಿ, ಹಲ್ಲು ನೋಡಿ ವಯಸ್ಸು ಹೇಳುವುದನ್ನು ಅಮ್ಮ ಕಲಿಸಿದ್ದಳು. ನಾನು ಈ ಕೆಲಸಕ್ಕೆ ಬಂದದ್ದೇ ಅಲ್ಲಿಂದ. ಆದರೆ ಈ ಮೀನಿನ ಹಲ್ಲು ಉದುರಿ ಉದುರಿ ಹೊಸದು ಬರುತ್ತದೆ, ಗಟ್ಟಿ ಮೂಳೆಯೂ ಇಲ್ಲ. ಹಾಗಾಗಿ ಮೀನುಗಾರರ ಬಲೆಗೆ ಸಿಕ್ಕಿ ಸತ್ತವುಗಳ ಕಣ್ಣು ತರುತ್ತೇವೆ. ಕಣ್ಣಿನೊಳಗಿನ ಮಸೂರ ಈರುಳ್ಳಿಯ ಹಾಗೆ ಪದರ ಪದರವಾಗಿರುತ್ತದೆ. ಒಂದೊಂದೇ ಬಿಡಿಸುತ್ತ ಹೋದರೆ ನಟ್ಟನಡುವೆ ಸಾಸಿವೆಯಷ್ಟು ಚೂರು ಸಿಗುತ್ತದೆ. ಅದು ಮರಿ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದಾಗ ಆದದ್ದು. ಆಮೇಲೆ ಎಷ್ಟು ನೂರು ವರ್ಷ ಕಳೆದರೂ ಅದು ಹಾಗೇ ಇರುತ್ತದೆ. ಅದನ್ನು ಪರೀಕ್ಷೆ ಮಾಡಿ ವಯಸ್ಸು ಅಂದಾಜು ಮಾಡುತ್ತೇವೆ. ಮನುಷ್ಯರ ಕಣ್ಣಿನ ನಡುವೆಯೂ ಅಂಥದ್ದೊಂದು ಚೂರು ಇದೆ.

ದಿನವಿಡೀ ಅದನ್ನೇ ಬಿಡಿಸುತ್ತ ಕೂತವಳಿಗೆ ಒಂದು ಪ್ರಶ್ನೆ ಬಿಡುವುದಿಲ್ಲ. ನನ್ನನ್ನು ಹೆತ್ತವರು ನೀವು. ಹುಟ್ಟಿದ ಐದನೇ ದಿನ ಒಂದು ಸೇರು ರಾಗಿ ಹೊಟ್ಟಿಗೆ ಮುನಿಗಂಗಮ್ಮನಿಗೆ ಮಾರಿದವರೂ ನೀವು. ಬೆಳೆದದ್ದು ನಿಮ್ಮ ಮನೆಯಲ್ಲೇ, ಉಂಡದ್ದು ನಿಮ್ಮ ಕೈಯಡುಗೆಯೇ. ಆದರೆ ಅವಳನ್ನು ಅಮ್ಮ ಎನ್ನಬೇಕು, ನಿಮ್ಮನ್ನು ಚಿಕ್ಕಮ್ಮನ ಹಾಗೆ ಚಿಗವ್ವ ಎನ್ನಬೇಕು ಎಂದು ಕಲಿಸಿದಿರಿ. ನಾಲ್ಕನೇ ಕ್ಲಾಸಿನಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಅತೀಯಾ ನನಗೆ 'ಹೊಟ್ಟು' ಎಂದೇ ಹೆಸರಿಟ್ಟಿದ್ದಳು. ಅತ್ತುಕೊಂಡು ಮನೆಗೆ ಬಂದರೆ ನೀವು ಮುಖ ತೊಳಿ ಎಂದಿರಿ, ಅಷ್ಟೇ. ಅಪ್ಪ ಅದೇನೋ ಪದ್ಧತಿ ಎಂದು ಮಾತು ತೇಲಿಸುತ್ತಾರೆ. ಅಮ್ಮನನ್ನು ಕೇಳಿದರೆ 'ಎತ್ತೋಳ್ನೇ ಕೇಳು' ಎಂದು ನಿಮ್ಮತ್ತ ತಳ್ಳುತ್ತಾಳೆ.

ಹೆಣ್ಣು ಎಂದು ಬೇಡವಾದೆನೇ? ಬರುವ ಜೂನಿಗೆ ಮೂವತ್ತೇಳು ತುಂಬುತ್ತದೆ. ಹೌದು ಎಂದರೂ ತಡೆದುಕೊಳ್ಳುತ್ತೇನೆ.

ಶೀತಲ್


ಕೊಡಿಗೇಹಳ್ಳಿ
೫ ಮಾರ್ಚ್ ೨೦೨೪

ಮುನಿಗಂಗಮ್ಮನ ಮಗಳು ಶೀತಲ್‌ಗೆ,

ಪತ್ರ ಮುಟ್ಟಿತು. ಬೇಡವಾದವಳಿಗೆ ಹೈಸ್ಕೂಲು ಮುಗಿಯುವ ತನಕ ದಿನಾ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದವರು ಯಾರು? ನೀನು ಕಾಲೇಜಿಗೆಂದು ಯಲಹಂಕದ ಬಸ್ಸು ಹತ್ತುವಾಗ ಸ್ಟಾಪಿನವರೆಗೆ ಹಿಂದೆ ಹಿಂದೆ ಬಂದವರು ಯಾರು? ನೀನು ತಿರುಗಿ ನೋಡಿದರೆ ನಾನು ಗಾಡಿಯ ಮುಂದೆ ನಿಂತು ಕೊತ್ತಂಬರಿ ಕೊಳ್ಳುತ್ತಿದ್ದೆ. ನಮ್ಮ ಮನೆಗೆ ಅಷ್ಟು ಕೊತ್ತಂಬರಿ ಬೇಕಿರಲಿಲ್ಲ.

ಇಂಥ ಪ್ರಶ್ನೆಯನ್ನು ಹಿರಿಯರಿಗೆ ಕೇಳಬಾರದು. ಉತ್ತರ ಕೊಡುವುದಿಲ್ಲ.

ನಾನು ಒಂದು ಕೇಳುತ್ತೇನೆ. ಆ ಮೀನು ಮರಿ ಹಾಕಿದ ಮೇಲೆ ಸಾಕುತ್ತದೆಯೇ? ಅಪ್ಪನಿಗೆ ಫೋನ್ ಮಾಡಿದಾಗ ಹೇಳು.

ಮುನಿಗಂಗಮ್ಮನನ್ನು ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಕಾರು ಹತ್ತುವ ಮುಂಚೆ ನಮ್ಮ ಬಾಗಿಲ ಕಡೆ ನೋಡುತ್ತಾಳೆ. ಕಿಟಕಿಯ ಪರದೆಯ ಸಂದಿಯಿಂದ ಕಾಣುತ್ತದೆ.

ಸಂಗವ್ವ


ಕೊಡಿಗೇಹಳ್ಳಿ
೧೪ ಏಪ್ರಿಲ್ ೨೦೨೪

ಮುನಿಗಂಗಮ್ಮನ ಮಗಳು ಶೀತಲ್‌ಗೆ,

ನೀನು ಹೇಳಿದ್ದನ್ನು ನಿನ್ನ ಅಪ್ಪ ಹೇಳಿದರು. ಮರಿ ಹುಟ್ಟಿದ ಗಳಿಗೆಯಿಂದ ಒಂಟಿಯಂತೆ. ತಾಯಿ ತಿರುಗಿ ನೋಡದೆ ಹೋಗಿಬಿಡುತ್ತದಂತೆ. ಇದನ್ನೇ ಹತ್ತು ದಿನ ಯೋಚಿಸಿದೆ. ತಾಯಿ ತಿರುಗಿ ನೋಡದ ಮರಿ ನಾನೂರು ವರ್ಷ ಬದುಕುತ್ತದೆ. ಜನ ಇದನ್ನು ಅಚ್ಚರಿ ಎನ್ನಬಹುದು. ನನಗೆ ಇದು ಹೊಸದಲ್ಲ.

ನಿನಗಿಂತ ಮುಂಚೆ ಇಬ್ಬರಿದ್ದರು.

ಮೊದಲನೆಯದು ಗಂಡು, ಎಂಬತ್ತೆರಡರಲ್ಲಿ. ಹದಿಮೂರನೇ ದಿನಕ್ಕೆ ತೊಟ್ಟಿಲು ಎಂದು ಮಾಡಿದ್ದೆವು. ಹನ್ನೊಂದನೇ ದಿನ ಹೋಯಿತು. ಹೆಸರು ಇಡಲಿಲ್ಲ. ಎರಡನೆಯವಳು ನೀಲವ್ವ. ಒಂಬತ್ತು ತಿಂಗಳು ಇದ್ದಳು. ಗೋಡೆ ಹಿಡಿದು ನಿಲ್ಲುತ್ತಿದ್ದಳು, ನನ್ನ ಬಳೆ ಕಚ್ಚುತ್ತಿದ್ದಳು. ಬೆಳಿಗ್ಗೆ ಜ್ವರ ಬಂತು, ಸಂಜೆಗೆ ಇರಲಿಲ್ಲ. ಇಬ್ಬರನ್ನೂ ಊರಾಚೆಯ ಹೊಲದ ಅಂಚಿನಲ್ಲಿ ಹೂತೆವು. ನಮ್ಮಲ್ಲಿ ಸುಡುವುದಿಲ್ಲ. ಆ ಹೊಲ ಈಗ ಇಲ್ಲ. ಅದರ ಮೇಲೆ ವಿಮಾನ ನಿಲ್ದಾಣದ ರಸ್ತೆ ಹೋಗಿದೆ. ನಿನ್ನನ್ನು ಕಳಿಸಲು ಆ ರಸ್ತೆಯ ಮೇಲೆ ಕಾರಿನಲ್ಲಿ ಹೋಗುವುದು ನನ್ನಿಂದ ಆಗುವುದಿಲ್ಲ. ಇದನ್ನು ನಿನ್ನ ಅಪ್ಪನಿಗೂ ಹೇಳಿಲ್ಲ.

ನೀನು ಹುಟ್ಟಿದಾಗ ನನ್ನ ಅತ್ತೆ ಈರವ್ವ ರೋಣದಿಂದ ಬಂದರು. ನಾನು ನಿನ್ನ ಮುಖ ಸರಿಯಾಗಿ ನೋಡುವುದಕ್ಕೂ ಬಿಡಲಿಲ್ಲ. 'ನಿನ್ನ ಉಡಿಯಾಗ ಕೂಸು ನಿಲ್ಲೂದಿಲ್ಲ. ಇದು ನಂದಲ್ಲ ಅನ್ನು. ಸಾವು ಬಾಗಿಲಿಗೆ ಬಂದು ಕೇಳಿದ್ರ, ಇದು ಆಕೀದು ಅನ್ನು' ಎಂದರು. ಹೆತ್ತ ಮಕ್ಕಳೆಲ್ಲ ಉಳಿದಿರುವ ಹೆಂಗಸಿಗೆ ಮಗುವನ್ನು ಮಾರುವುದು ನಮ್ಮ ಕಡೆಯ ಪದ್ಧತಿ. ಮುನಿಗಂಗಮ್ಮನಿಗೆ ಐದು ಮಕ್ಕಳು, ಐದೂ ಗುಂಡುಕಲ್ಲು. ನಿನ್ನನ್ನು ಮೊರದಲ್ಲಿ ಮಲಗಿಸಿ ನಡುವಿನ ಗೋಡೆಯ ಮೇಲಿನಿಂದ ಕೊಟ್ಟೆ. ಅವಳು ಎಮ್ಮೆಗೆಂದು ಇಟ್ಟಿದ್ದ ರಾಗಿ ಹೊಟ್ಟನ್ನು ಸೇರಿನಲ್ಲಿ ಅಳೆದು ಕೊಟ್ಟಳು. ಆಮೇಲೆ ಹಾಲು ಕುಡಿಸಿ ಸಾಕು ಎಂದು ನಿನ್ನನ್ನು ನನ್ನ ಕೈಗಿಟ್ಟಳು. ಅಂದಿನಿಂದ ನಾನು ನಿನ್ನನ್ನು ಮಗಳೇ ಎನ್ನಬಾರದು, ನಾಲ್ಕು ಜನರ ಎದುರು ಮುದ್ದಿಸಬಾರದು, ಹೊಗಳಬಾರದು. ನನ್ನನ್ನು ನೀನು ಅವ್ವ ಎನ್ನಬಾರದು. ಮಾರಿದವಳು ಹೊಟ್ಟು ಹಿಂದಿರುಗಿಸಿ ಸೆರಗೊಡ್ಡಿ ಬೇಡಬೇಕು, ಕೊಂಡವಳು 'ತಗೋ, ನಿನ್ನ ಮಗಳು' ಎಂದು ಸೆರಗಿಗೆ ಹಾಕಬೇಕು. ಅಲ್ಲಿಯವರೆಗೆ ಹೀಗೆಯೇ.

ಹನ್ನೆರಡು ತುಂಬಿದಾಗ ಎಂದು ಮಾತಾಗಿತ್ತು. ಆ ವರ್ಷ ನಿನಗೆ ಸ್ಕೂಲಿನಲ್ಲಿ ಬಹುಮಾನ ಬಂತು. ನಾನು ರೇಷ್ಮೆ ಸೀರೆ ಉಟ್ಟು ಹೋದೆ. ಮುನಿಗಂಗಮ್ಮ ಎಮ್ಮೆ ಕರೆದು ಹಾಗೆಯೇ ಬಂದಿದ್ದಳು. ನೀನು ವೇದಿಕೆ ಇಳಿದು ಅಮ್ಮಾ ಎಂದು ಓಡಿದ್ದು ಅವಳ ಹತ್ತಿರ. ಅವಳು ಹೆಡ್‌ಮಿಸ್‌ಗೆ 'ನನ್ ಮಗ್ಳು' ಎಂದಳು. ಅದರಲ್ಲಿ ಸುಳ್ಳೇನಿರಲಿಲ್ಲ. ಆದರೂ ಗೇಟಿನ ಹೊರಗೆ, ಎಲ್ಲರಿಗೂ ಕೇಳುವಂತೆ, ಸಗಣಿ ನಾರುವ ಹೆಂಗಸು ಸ್ಕೂಲಿನ ಒಳಗೆ ಕಾಲಿಡಬಾರದು ಎಂದೆ. ಅವಳು ಎರಡೂ ಕೈ ಸೀರೆಗೆ ಒರೆಸಿಕೊಂಡಳು. ಆಮೇಲೆ 'ಸೆರಗೊಡ್ಡಮ್ಮ, ಈಗ್ಲೇ ಕೊಡ್ತೀನಿ' ಎಂದಳು. ನಿನ್ನಂಥವಳ ಮುಂದೆ ಒಡ್ಡುವುದಿಲ್ಲ ಎಂದೆ.

ಹೀಗೆ ಇಪ್ಪತ್ತೈದು ವರ್ಷ ಆಯಿತು. ಈಗ ಅವಳು ಹೋಗಿಬಿಟ್ಟರೆ ನಿನ್ನನ್ನು ಕೊಡುವವರು ಯಾರೂ ಇಲ್ಲ. ನನಗೆ ಸೆರಗು ಒಡ್ಡುವುದು ಬರುವುದಿಲ್ಲ, ಶೀತಲ್. ಅದನ್ನು ಯಾರೂ ಕಲಿಸಲಿಲ್ಲ.

ಸಂಗವ್ವ


ಟ್ರೊಮ್ಸೋ
೭ ಮೇ ೨೦೨೪

ಚಿಗವ್ವಾ,

ನನಗೊಬ್ಬಳು ಅಕ್ಕ ಇದ್ದಳು ಎಂದು ಇವತ್ತು ಗೊತ್ತಾಯಿತು. ಆ ರಸ್ತೆಯಲ್ಲಿ ನಾನು ಎಷ್ಟು ಸಲ ಹೋಗಿ ಬಂದಿದ್ದೇನೆ. ಕಳೆದ ಸಲ ಹಿಂದಿನ ಸೀಟಿನಲ್ಲಿ ನಿಮ್ಮನ್ನು ಬೈದುಕೊಂಡೇ ಹೋದೆ.

ನಾನು ಇಂಥವನ್ನು ನಂಬುವವಳಲ್ಲ. ಈಗಲೇ ಇಲ್ಲಿ ನಿಮ್ಮನ್ನು ಬೇರೆ ಹೆಸರಿನಿಂದ ಕರೆಯಬಹುದು, ನನಗೇನೂ ಆಗುವುದಿಲ್ಲ. ಆದರೆ ನಿಮಗೆ ಆಗುತ್ತದೆ. ನಾನು ಹಿಮದ ಸಮುದ್ರದಲ್ಲಿರುವಷ್ಟು ದಿನವೂ ನೀವು ಹೆದರುತ್ತ ಕೂರುತ್ತೀರಿ. ಆದ್ದರಿಂದ ಹೋಗಿ. ನಿಮ್ಮ ಬಾಗಿಲಿನಿಂದ ಅಮ್ಮನ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ಚಿಕ್ಕವಳಿದ್ದಾಗ ಎಣಿಸಿದ್ದೆ.

ಅಮ್ಮ ಕೋಪ ಇಟ್ಟುಕೊಂಡವಳಲ್ಲ. ಪ್ರತಿ ಭಾನುವಾರ ಅವಳು ನನ್ನನ್ನು ಮೊದಲು ಕೇಳುವುದು ನಿಮ್ಮ ಮಂಡಿನೋವಿನ ಬಗ್ಗೆ.

ಇದರ ಜೊತೆ ಅಂಟಿಸಿದ ಇನ್ನೊಂದು ಲಕೋಟೆ ಇದೆ. ಅವಳು ನನ್ನನ್ನು ನಿಮಗೆ ಕೊಟ್ಟ ಮೇಲೆ ಒಡೆಯಿರಿ. ಅದರಲ್ಲಿ ಮೊದಲ ಪದ ಬರೆಯಲು ನನಗೆ ಒಂದು ಸಂಜೆ ಬೇಕಾಯಿತು.

ಹನ್ನೆರಡಕ್ಕೆ ಹಡಗು ಹತ್ತುತ್ತೇನೆ. ಆಗಸ್ಟ್ ತನಕ ಫೋನ್ ಸಿಗುವುದಿಲ್ಲ. ಹಡಗಿಳಿದು, ಲ್ಯಾಬಿಗೆ ಬಂದ ಕಾಗದ ಎತ್ತಿಕೊಂಡು ನೇರ ಮನೆಗೆ ಬರುತ್ತೇನೆ.

ಶೀತಲ್


ಕೊಡಿಗೇಹಳ್ಳಿ
೧೬ ಜೂನ್ ೨೦೨೪

ಮುನಿಗಂಗಮ್ಮನ ಮಗಳು ಶೀತಲ್‌ಗೆ,

ಮೇಲಿನ ಸಾಲು ನೋಡಿದರೇ ನಿನಗೆ ತಿಳಿಯುತ್ತದೆ. ನಿನ್ನ ಅಪ್ಪ ನಿನ್ನ ಆಫೀಸಿಗೆ ಫೋನ್ ಮಾಡಿದ್ದರು. ಹಡಗಿಗೆ ಸುದ್ದಿ ಮುಟ್ಟಿಸಿದ್ದೇವೆ ಎಂದರಂತೆ. ಆದರೂ ಹೇಗಾಯಿತು ಎಂಬುದನ್ನು ನಾನೇ ಬರೆಯಬೇಕು.

ನಿನ್ನ ಪತ್ರ ಮೇ ಮೂವತ್ತರ ಗುರುವಾರ ಬಂತು. ಶುಕ್ರವಾರ ಮನೆಯಿಂದ ಏನೂ ಹೊರಗೆ ಹೋಗಬಾರದು ಎಂದುಕೊಂಡೆ. ಶನಿವಾರ ಬೇಡ ಎಂದುಕೊಂಡೆ. ಭಾನುವಾರ ಅವಳ ಮನೆಗೆ ನೆಂಟರು ಬಂದಿದ್ದರು. ಸೋಮವಾರ ಬೆಳಿಗ್ಗೆ ತಲೆಗೆ ಎರೆದುಕೊಂಡು ಇಳಕಲ್ ಸೀರೆ ಉಟ್ಟು ಹೊರಟೆ. ಇಪ್ಪತ್ತು ಹೆಜ್ಜೆ ಅಲ್ಲ, ಈಗ ನನಗೆ ಮೂವತ್ತೊಂದು.

ಗಂಗರತ್ನಮ್ಮ ನನ್ನನ್ನು ನೋಡಿ ಕೈಯಲ್ಲಿದ್ದ ಲೋಟ ಹಾಗೆಯೇ ಹಿಡಿದುಕೊಂಡು ನಿಂತಳು. ಮುನಿಗಂಗಮ್ಮ ದಿಂಬಿಗೆ ಒರಗಿದ್ದಳು. ಅಷ್ಟು ದೊಡ್ಡ ಹೆಂಗಸು ಒಂದು ಮುಷ್ಟಿ ಆಗಿದ್ದಳು. ಸಗಣಿಯ ವಾಸನೆ ಇರಲಿಲ್ಲ, ಔಷಧಿಯ ವಾಸನೆ ಇತ್ತು. ನನಗೆ ಮೊದಲಿನದೇ ಬೇಕು ಅನ್ನಿಸಿತು.

'ಬಂದ್ಯಾ ಸಂಗಮ್ಮ,' ಎಂದಳು. 'ಮಂಡಿ ಎಂಗದೆ?'

 ಮಂಡಿಯ ಮಾತು ತೆಗೆದಿದ್ದರೆ ಧೈರ್ಯ ಹೋಗುತ್ತಿತ್ತು. ಮಂಚದ ಮುಂದೆ ನಿಂತು ಎರಡೂ ಕೈಯಿಂದ ಸೆರಗು ಒಡ್ಡಿದೆ. ಗಂಗರತ್ನಮ್ಮ ನೋಡುತ್ತಿದ್ದಳು, ಮೊಮ್ಮಕ್ಕಳು ನೋಡುತ್ತಿದ್ದರು. ನೋಡಲಿ ಎಂದು ನಿಂತೆ.

ಅವಳು ಬಹಳ ಹೊತ್ತು ನನ್ನ ಸೆರಗನ್ನೇ ನೋಡಿದಳು. ಆಮೇಲೆ ಕಣ್ಣು ಸಣ್ಣದು ಮಾಡಿ, 'ಒಟ್ಟು ತಂದ್ಯಾ?' ಎಂದಳು.

ಹೊಟ್ಟು ನಾನು ತಂದಿರಲಿಲ್ಲ. ಸೆರಗಿನದೇ ಚಿಂತೆಯಲ್ಲಿ ನಾಲ್ಕು ದಿನ ಕಳೆದಿದ್ದೆ, ಹೊಟ್ಟಿನ ನೆನಪೇ ಆಗಿರಲಿಲ್ಲ. ನನ್ನ ಮುಖ ನೋಡಿ ಅವಳು ನಕ್ಕಳು. ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಕೈ ಮುಂದೆ ಮಾಡಿದಳು. 'ತಮಾಸೆಗಂದೆ ಕಣಮ್ಮಿ. ಎಮ್ಮೆ ಎಲ್ಲವೆ ಈಗ ಒಟ್ಟು ತಿನ್ನಾಕೆ? ಇಡಿ ಸೆರಗ್ನ. ಕೊಟ್ಬುಡ್ತೀನಿ.'

ಶೀತಲ್, ಅವಳ ಕೈ ನನ್ನ ಸೆರಗಿನಿಂದ ಒಂದು ಗೇಣು ದೂರದಲ್ಲಿತ್ತು. ನಾನು ಸೆರಗನ್ನು ಎಳೆದುಕೊಂಡೆ.

'ಪುಕ್ಕಟ ನಾ ಏನೂ ತಗೊಳ್ಳೂದಿಲ್ಲ,' ಎಂದೆ. 'ಹೊಟ್ಟು ತರ್ತೇನಿ. ಇರು.'

ಅವಳು ನನ್ನನ್ನು ಬಲ್ಲವಳು. ವಾದ ಮಾಡಲಿಲ್ಲ. 'ಬಿರ್ನೆ ಬಾ' ಎಂದಳು.

ಕೊಡಿಗೇಹಳ್ಳಿಯಲ್ಲಿ ಹೊಟ್ಟು ಇಲ್ಲ. ನಾವು ಈ ಊರಿಗೆ ಬಂದಾಗ ಮನೆಗೆರಡು ಎಮ್ಮೆ ಇದ್ದವು. ಈಗ ಹಿಟ್ಟಿನ ಗಿರಣಿಯ ಜಾಗದಲ್ಲಿ ಜಿಮ್ ಇದೆ. ಬೀದಿಯ ಕೊನೆಯ ಅಬ್ರಾರ್‌ನ ಆಟೋ ಹತ್ತಿದೆ. ರಾಗಿ ಹೊಟ್ಟು ಎಂದದ್ದಕ್ಕೆ ಅವನು, 'ಆಂಟಿ, ಆನ್‌ಲೈನಲ್ಲಿ ಹಾಕಿ, ಹತ್ತು ನಿಮಿಷಕ್ಕೆ ತಂದ್ಕೊಡ್ತಾರೆ' ಎಂದ. ತಣಿಸಂದ್ರದಲ್ಲಿ ಒಂದು ದನದ ಮೇವಿನ ಅಂಗಡಿ ಸಿಕ್ಕಿತು. ಅಲ್ಲಿ ಗೋಧಿ ಬೂಸಾ ಇತ್ತು. ಹೊಟ್ಟಿನ ಬದಲು ಬೂಸಾ ಆಗುತ್ತದೆ ಎಂದು ಅಂಗಡಿಯವನು ಹೇಳಿದ. ಕೊಂಡದ್ದು ರಾಗಿ ಹೊಟ್ಟಿಗೆ, ಬೇರೆ ಆಗುವುದಿಲ್ಲ ಎಂದೆ. ಅಲ್ಲಿಂದ ಶೆಟ್ಟಿಹಳ್ಳಿಗೆ ಹೋದೆವು. ಇನ್ನೂ ಎರಡು ಹಸು ಇಟ್ಟುಕೊಂಡ ಒಂದು ಹಳೆಯ ಮನೆಯಲ್ಲಿ ಸಿಕ್ಕಿತು. ನಾನೇ ನಿಂತು ಒಂದು ಸೇರು ಅಳೆಸಿದೆ. ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಒಂದು ಗಂಟೆ ನಿಂತೆವು. ಹೊಟ್ಟಿನ ಚೀಲ ನನ್ನ ತೊಡೆಯ ಮೇಲಿತ್ತು. ಕೆಳಗೆ ಕೆರೆ ಕಾಣುತ್ತಿತ್ತು. ಅಷ್ಟು ಹೊತ್ತೂ ನಿನ್ನನ್ನು ಯಾವ ಹೆಸರಿನಿಂದ ಕರೆಯಬೇಕು ಎಂದು ಯೋಚಿಸುತ್ತಿದ್ದೆ. ಮಗಳೇ ಎನ್ನಬೇಕೋ, ಬರೀ ಶೀತೂ ಎನ್ನಬೇಕೋ.

ನಾಲ್ಕೂವರೆಗೆ ಬೀದಿಯ ತಿರುವಿಗೆ ಬಂದೆವು. ಅವಳ ಮನೆಯ ಮುಂದೆ ಬೆಂಕಿ ಹಾಕಿದ್ದರು.

ಅಬ್ರಾರ್ ಆಟೋ ನಿಲ್ಲಿಸಿದ. ನಾನು ಇಳಿಯಲಿಲ್ಲ. ಅವನು ಚೀಲವನ್ನು ತೆಗೆದುಕೊಂಡು ನನ್ನ ಕೈ ಹಿಡಿದು ಇಳಿಸಿದ. ಮೂರೂವರೆಗೆ ಹೋದಳಂತೆ. ಸಂಗಮ್ಮ ಬಂದಳಾ ಎಂದು ಎರಡು ಸಲ ಕೇಳಿದಳಂತೆ. ಎರಡನೇ ಸಲ ಗಂಗರತ್ನಮ್ಮ ಬರುತ್ತಿದ್ದಾರೆ ಎಂದು ಸುಳ್ಳು ಹೇಳಿದಳಂತೆ.

ಹನ್ನೊಂದನೇ ದಿನ ಎಲ್ಲ ಸರಿಯಾಗಿ ಆಯಿತು. ನಿನ್ನ ಹೆಸರಿನಲ್ಲಿ ಎಡೆಗೆ ನಾನೇ ಹೋಳಿಗೆ ಮಾಡಿ ಕೊಟ್ಟೆ. ನೀನು ಅವಳ ಮಗಳು, ನಿನ್ನ ಪಾಲಿನದು ಆಗಬೇಕಲ್ಲ. 

ಗಂಗರತ್ನಮ್ಮ ಒಳ್ಳೆಯವಳು. ಅತ್ತೆಯ ಬದಲು ನಾನೇ ಕೊಟ್ಟುಬಿಡುತ್ತೇನೆ, ಸೆರಗು ಹಿಡಿಯಿರಿ ಎಂದಳು. ಕೊಂಡವಳು ನೀನಲ್ಲ ಎಂದೆ. ನನ್ನ ನಾಲಿಗೆ ಇನ್ನೂ ಹಾಗೆಯೇ ಇದೆ. ಆದರೆ ಅದು ಗರ್ವದ ಮಾತಲ್ಲ. ತಪ್ಪು ಕೈಯಿಂದ ತೆಗೆದುಕೊಂಡು, ಆಮೇಲೆ ನಿನಗೆ ಏನಾದರೂ ಆದರೆ ನಾನು ಎಲ್ಲಿ ಹೋಗಿ ನಿಲ್ಲಲಿ? ನೀನು ನಗಬಹುದು. ಇಬ್ಬರನ್ನು ಹೂತವಳು ನಗುವುದಿಲ್ಲ.

ನಿನ್ನ ಲಕೋಟೆ ಒಡೆದಿಲ್ಲ. ಒಡೆಯುವ ಹಕ್ಕು ನನಗಿಲ್ಲ. ಮೊದಲ ಪದ ಯಾವುದು ಎಂದು ಗೊತ್ತು. ಬೆಳಕಿಗೆ ಹಿಡಿದರೆ ಒಳಗಿನ ಅಕ್ಷರ ಸ್ವಲ್ಪ ಕಾಣುತ್ತದೆ, ಆದ್ದರಿಂದ ಬೆಳಕಿಗೆ ಹಿಡಿಯುವುದಿಲ್ಲ.

ನೀನು ಬರೆದ ಆ ಸಾಸಿವೆಯಷ್ಟು ಚೂರಿನ ವಿಷಯ ದಿನಾ ನೆನಪಾಗುತ್ತದೆ. ಮೊರದಲ್ಲಿ ನಿನ್ನನ್ನು ಕೊಟ್ಟಾಗ ಅದೂ ಹೊಟ್ಟಿನ ಲೆಕ್ಕಕ್ಕೆ ಹೋಯಿತೋ, ನನ್ನದಾಗಿಯೇ ಉಳಿಯಿತೋ ಹೇಳುವವರಿಲ್ಲ. ಅದನ್ನು ಮಾಡಿದವಳು ನಾನು. ಅಷ್ಟು ಮಾತ್ರ ಬರೆಯಬಹುದು ಎಂದುಕೊಂಡಿದ್ದೇನೆ.

ಒಂದು ದಾರಿ ಹೊಳೆದಿದೆ. ಪದ್ಧತಿಯಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ಕೇಳೋಣವೆಂದರೆ ನನ್ನ ಅತ್ತೆಯೂ ಇಲ್ಲ. ಅವಳು ಕೊಂಡದ್ದು ಅವಳ ಮಕ್ಕಳಿಗೆ ಸೇರಬೇಕು. ಅವಳ ಮಕ್ಕಳಲ್ಲಿ ನೀನೂ ಒಬ್ಬಳು. ಹಾಗಿದ್ದರೆ ನಿನ್ನನ್ನು ಕೊಡುವ ಕೈ ನಿನ್ನದೇ. ಆಗಸ್ಟಿನಲ್ಲಿ ಬಂದಾಗ ನೀನು ಮೊದಲು ಅವಳ ಮನೆಗೆ ಹೋಗಿ ಅವಳ ಜಾಗದಲ್ಲಿ ಕೂರು. ನಾನು ಬಂದು ನಿನ್ನ ಮುಂದೆ ನಿಲ್ಲುತ್ತೇನೆ. ಕೊಡುವುದು ಬಿಡುವುದು ನಿನಗೆ ಸೇರಿದ್ದು. ಕೊಡದಿದ್ದರೆ ನಾನು ಏನೂ ಕೇಳುವುದಿಲ್ಲ.

ಈ ಸಲ ನಿನ್ನನ್ನು ಕರೆದುಕೊಂಡು ಬರಲು ನಾನೂ ಆ ರಸ್ತೆಯಲ್ಲಿ ಬರುತ್ತೇನೆ. ಅಪ್ಪನಿಗೆ ಎಲ್ಲ ಹೇಳಿದ್ದೇನೆ. ಅವರು, ಆ ಜಾಗ ನನಗೂ ಗೊತ್ತು, ಪ್ರತಿ ಸಲ ಅಲ್ಲಿ ಕಾರನ್ನು ನಿಧಾನ ಮಾಡಲು ಹೇಳುತ್ತಿದ್ದೆ ಎಂದರು.

ಮಳೆ ಹಿಡಿದಿದೆ. ಇಟ್ಟರೆ ಹೊಟ್ಟಿಗೆ ಹುಳ ಬೀಳುತ್ತದೆ. ಬಿಸಿಲು ಬಂದಾಗಲೆಲ್ಲ ಮಹಡಿಯ ಮೇಲೆ ಮೊರದಲ್ಲಿ ಹರಡಿ, ಗಾಳಿಗೆ ಹಾರದಂತೆ ಪಕ್ಕದಲ್ಲೇ ಕೂತಿರುತ್ತೇನೆ. ಸಂಜೆ ಸೇರಿನಲ್ಲಿ ಅಳೆದು ಒಳಗಿಡುತ್ತೇನೆ. ಇನ್ನೂ ಒಂದು ಸೇರು ಇದೆ.

ಇಂತಿ,
ಸಂಗವ್ವ